ಸೈಕಲ್ ಅಂಗಡಿಗೂ ಮೊದಲು ಮಣ್ಣು ನೋಡಿ

ನನ್ನ ಮೊದಲ ಎಂಟಿಬಿ, ಅಂದರೆ ಬೆಟ್ಟದ ಸೈಕಲ್, ಕೊಂಡದ್ದು ಅದರ ಹಿಂಬದಿಯ ಸ್ಪ್ರಿಂಗ್ ನೋಡಿ. ಸೀಟಿನ ಕೆಳಗೆ ದಪ್ಪನೆಯ ಕೆಂಪು ಸ್ಪ್ರಿಂಗು, ಮುಂದಿನ ಚಕ್ರ ಹಿಡಿಯುವ ಫೋರ್ಕಿನಲ್ಲಿ ಇನ್ನೆರಡು, ಹಲ್ಲುಹಲ್ಲಿನ ಟೈರು. ಅಂಗಡಿಯವನು ಸೀಟು ಒತ್ತಿ ತೋರಿಸಿದ, ಅದು ಕುಣಿಯಿತು, ನಾನು ದುಡ್ಡು ಎಣಿಸಿದೆ. ಮೂರನೇ ಭಾನುವಾರ ನಂದಿಬೆಟ್ಟದ ಹಿಂಬದಿಯ ಮಣ್ಣುದಾರಿಯಲ್ಲಿ, ಮೊಣಕಾಲೆತ್ತರವೂ ಇಲ್ಲದ ಒಂದು ಕಲ್ಲಿನಿಂದ ಇಳಿಸಿದ್ದೇ ಹಿಂದಿನ ಚಕ್ರದ ಅಚ್ಚು ಬಾಗಿತು. ಹದಿನೆಂಟು ಕೆ.ಜಿ. ತೂಕದ ಸೈಕಲ್ಲನ್ನು ದ್ರಾಕ್ಷಿ ತೋಟಗಳ ಬದಿಯಲ್ಲಿ ನಾಲ್ಕು ಕಿಲೋಮೀಟರ್ ನೂಕಿಕೊಂಡು ಬಂದೆ. ಮನೆಗೆ ಬಂದು ತೊಳೆಯುವಾಗ ಚೌಕಟ್ಟಿನ ಮೇಲೆ ಅಂಟಿಸಿದ್ದ ಸಣ್ಣ ಸ್ಟಿಕರ್ ಕಣ್ಣಿಗೆ ಬಿತ್ತು: ಕಚ್ಚಾ ದಾರಿಯಲ್ಲಿ ಬಳಸುವುದಕ್ಕಲ್ಲ. ಬೆಟ್ಟದ ಸೈಕಲ್ಲಿನ ಮೇಲೇ ಆ ಮಾತು!

ಅದಾದ ಮೇಲೆ ಮೂರು ಸೈಕಲ್ ಬದಲಾಯಿಸಿದ್ದೇನೆ, ಗೆಳೆಯರಿಗೆ ಆರಿಸಿಕೊಟ್ಟದ್ದು ಇನ್ನೂ ಹೆಚ್ಚು. ಆರಿಸುವ ಕ್ರಮ ನನಗೀಗ ಸ್ಪಷ್ಟವಾಗಿದೆ. ಮೊದಲು ದಾರಿ, ಆಮೇಲೆ ಟೈರು, ಬ್ರೇಕು, ಕೊನೆಗೆ ಸ್ಪ್ರಿಂಗು. ಅಂಗಡಿಯಲ್ಲಿ ತೋರಿಸುವುದು ಸರಿಯಾಗಿ ಇದರ ತಿರುಗುಮುರುಗು.

ಮೊದಲು ದಾರಿಯನ್ನು ನಡೆದು ನೋಡಿ

ಒಂದು ಬೆಳಿಗ್ಗೆ ಸೈಕಲ್ ಇಲ್ಲದೆ, ಚಪ್ಪಲಿ ಹಾಕಿಕೊಂಡು ನೀವು ಓಡಿಸಬೇಕೆಂದಿರುವ ದಾರಿಯಲ್ಲಿ ನಡೆಯಿರಿ. ಚಪ್ಪಲಿಯೇ ಯಾಕೆ ಅಂದರೆ, ಮರಳಿ ಬಂದು ಅದರ ಅಟ್ಟೆ ತಿರುಗಿಸಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಮುಳ್ಳು ಎಷ್ಟು ಚುಚ್ಚಿದೆ, ಮಣ್ಣು ಎಷ್ಟು ಮೆತ್ತಿದೆ.

ಬೆಂಗಳೂರು, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬಹುತೇಕ ಕೆಂಪು ಮಣ್ಣು. ಬೇಸಿಗೆಯಲ್ಲಿ ಅದು ಸಿಮೆಂಟಿನ ಹಾಗೆ ಗಟ್ಟಿ, ಅದರ ಮೇಲೆ ರಾಗಿ ಚೆಲ್ಲಿದಂತೆ ಪುಡಿಗಲ್ಲು. ತಿರುವಿನಲ್ಲಿ ಮುಂದಿನ ಚಕ್ರ ಜಾರುವುದು ಈ ಪುಡಿಗಲ್ಲಿನ ಮೇಲೆ. ನಡುನಡುವೆ ಹಾಸುಬಂಡೆ ಬರುತ್ತದೆ. ಒಣಗಿದ್ದಾಗ ಹಾಸುಬಂಡೆಯಷ್ಟು ಹಿಡಿತ ಇನ್ನೆಲ್ಲೂ ಸಿಗುವುದಿಲ್ಲ. ಇಳಿಜಾರು ನೋಡಿ ಹೆದರಿದವರು ಒಮ್ಮೆ ಇಳಿದ ಮೇಲೆ ನಗುತ್ತಾರೆ. ಮಳೆ ಬಿದ್ದು ಪಾಚಿ ಕಟ್ಟಿದರೆ ಮಾತ್ರ ಆ ಕಡೆ ಹೋಗಬೇಡಿ.

ನಮ್ಮೂರು ನವಲಗುಂದದ ಕಡೆ. ಅಲ್ಲಿ ಎರೆಮಣ್ಣು. ಬೇಸಿಗೆಯಲ್ಲಿ ಟೈರು ಇಳಿಯುವಷ್ಟು ಅಗಲ ಬಿರುಕು ಬಿಡುತ್ತದೆ, ಮಳೆ ಬಂತೆಂದರೆ ಐವತ್ತು ಹೆಜ್ಜೆ ಹೋಗುವುದರೊಳಗೆ ಚಕ್ರ ತಿರುಗುವುದೇ ನಿಲ್ಲುತ್ತದೆ. ಟೈರಿಗೆ ಮೆತ್ತಿದ ಮಣ್ಣು ಫೋರ್ಕಿನ ಸೇತುವೆಗೆ, ಸರಪಳಿಯ ಪಕ್ಕದ ಕೊಳವೆಗೆ ಸಿಕ್ಕಿ ಒಂದೇ ಮುದ್ದೆಯಾಗುತ್ತದೆ. ಕಡ್ಡಿಯಿಂದ ಕೆರೆದರೆ ಮತ್ತೆ ಹತ್ತು ಹೆಜ್ಜೆ. ಹೆಗಲ ಮೇಲೆ ಹೊತ್ತುಕೊಂಡರೆ ಸೈಕಲ್ಲಿನ ತೂಕ ಎರಡರಷ್ಟು. ಎರೆಭೂಮಿಯವರಿಗೆ ನನ್ನ ಮೊದಲ ಸಲಹೆ ಇಷ್ಟೇ: ಅಗಲ ಟೈರಿನ ಆಸೆ ಬಿಡಿ. 2 ಅಥವಾ 2.1 ಇಂಚಿನ, ಹಲ್ಲುಗಳ ನಡುವೆ ಜಾಗ ಹೆಚ್ಚಿರುವ ಟೈರು ಮಣ್ಣನ್ನು ಕೊಡವಿಕೊಳ್ಳುತ್ತದೆ. ಕೊಳ್ಳುವಾಗ ಟೈರಿಗೂ ಚೌಕಟ್ಟಿಗೂ ನಡುವೆ ಎಲ್ಲ ಕಡೆ ಹೆಬ್ಬೆರಳು ತೂರುತ್ತದಾ ನೋಡಿ.

ಮಲೆನಾಡಿನದು ಬೇರೆಯೇ ಕಥೆ. ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಾಫಿ ತೋಟದ ದಾರಿಗಳಲ್ಲಿ ಒದ್ದೆ ಬೇರು, ಕೊಳೆತ ಎಲೆ. ಕರಾವಳಿಯ ಕಡೆಗೆ ಇಳಿದಂತೆ ಪಾಚಿ ಹಿಡಿದ ಮುರಕಲ್ಲು. ಏರು ಕಡಿದು, ಇಳಿಜಾರು ಉದ್ದ. ಇಲ್ಲಿ ಕೈಹಿಡಿಯುವುದು ಟೈರಿನ ಮೆತ್ತನೆಯ ರಬ್ಬರು ಮತ್ತು ಬ್ರೇಕು. ಉಂಬಳಕ್ಕೆ ಯಾವ ಸೈಕಲ್ಲೂ ಪರಿಹಾರವಲ್ಲ.

ನಡೆದು ಬಂದ ಮೇಲೆ ಇನ್ನೊಂದು ಲೆಕ್ಕ ಹಾಕಿ: ಮನೆಯಿಂದ ಆ ದಾರಿಯವರೆಗೆ ಡಾಂಬರು ರಸ್ತೆ ಎಷ್ಟು? ಹತ್ತು ಕಿ.ಮೀ. ಡಾಂಬರು ತುಳಿದು, ಐದು ಕಿ.ಮೀ. ಕಾಡುದಾರಿ ಓಡಿಸಿ, ಮತ್ತೆ ಹತ್ತು ಕಿ.ಮೀ. ವಾಪಸ್ ಬರುವವರಿಗೆ ಭಾರದ ಸೈಕಲ್ ಶಿಕ್ಷೆ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವವರಿಗೆ ಆ ಚಿಂತೆಯಿಲ್ಲ.

ಅನುಮತಿಯನ್ನೂ ಈಗಲೇ ವಿಚಾರಿಸಿಕೊಳ್ಳಿ. ಬೆಂಗಳೂರಿನ ಪಕ್ಕದ ತುರಹಳ್ಳಿಯಂಥವು ಅರಣ್ಯ ಇಲಾಖೆಯ ಕಾಡುಗಳು. ಒಳಗೆ ಸೈಕಲ್ ಬಿಡುತ್ತಾರೋ ಇಲ್ಲವೋ ಕೇಳಿಯೇ ಹೋಗಬೇಕು. ಕಾಫಿ ತೋಟವಾದರೆ ಮಾಲೀಕರನ್ನು ಕೇಳಿ, ಕೊಯ್ಲಿನ ಕಾಲದಲ್ಲಿ ಕೇಳಲೂ ಹೋಗಬೇಡಿ. ಲಕ್ಷ ರೂಪಾಯಿಯ ಸೈಕಲ್ ತಂದಿಟ್ಟುಕೊಂಡು, ದಾರಿಗೆ ಬೇಲಿ ಬಿದ್ದಿದೆ ಎಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಸುತ್ತು ಹೊಡೆಯುತ್ತಿರುವವರು ನನಗೆ ಗೊತ್ತು.

ಹಿಂದೆ ಸ್ಪ್ರಿಂಗ್ ಬೇಕೇ?

ಮುಂದೆ ಮಾತ್ರ ಸಸ್ಪೆನ್ಷನ್ ಇರುವುದು ಹಾರ್ಡ್‌ಟೇಲ್. ಎರಡೂ ಕಡೆ ಇರುವುದು ಫುಲ್ ಸಸ್ಪೆನ್ಷನ್. ನಮ್ಮ ಬಯಲುಸೀಮೆಯ ದಾರಿಗಳಿಗೆ, ಹತ್ತರಲ್ಲಿ ಒಂಬತ್ತು ಮಂದಿಗೆ ಹಾರ್ಡ್‌ಟೇಲ್ ಸಾಕು. ಇದು ಬಡತನದ ಮಾತಲ್ಲ. ಒಳ್ಳೆಯ ಫುಲ್ ಸಸ್ಪೆನ್ಷನ್ ಓಡಿಸಿದ್ದೇನೆ, ಸೊಗಸಾಗಿರುತ್ತದೆ. ಆದರೆ ಅದರಲ್ಲಿ ಹಿಂದಿನ ಶಾಕ್ ಅಲ್ಲದೆ ನಾಲ್ಕಾರು ಕೀಲು, ಒಂದೊಂದು ಕೀಲಿಗೂ ಬೇರಿಂಗು. ನಮ್ಮ ಕೆಂಪು ಧೂಳು ಎಲ್ಲಿ ಬೇಕಾದರೂ ನುಗ್ಗುತ್ತದೆ. ಶಾಕ್ ಬಿಚ್ಚಿ ಸೀಲು ಬದಲಿಸುವವರು ಬೆಂಗಳೂರಿನಲ್ಲೇ ಬೆರಳೆಣಿಕೆ; ನೀವು ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಇದ್ದರೆ ಪೊಟ್ಟಣ ಕಟ್ಟಿ ಕೊರಿಯರ್ ಮಾಡಿ ಕಾಯಬೇಕು.

ಮಲೆನಾಡಿನ ಕಡಿದಾದ ಇಳಿಜಾರುಗಳಲ್ಲಿ ವಾರವಾರ ಓಡಿಸುತ್ತೀರಿ, ಬೆನ್ನು ತಕರಾರು ಮಾಡುತ್ತಿದೆ, ಕೈಯಲ್ಲಿ ಒಂದೂವರೆ ಎರಡು ಲಕ್ಷ ಇದೆ ಎಂದಾದರೆ 120ರಿಂದ 140 ಮಿ.ಮೀ. ಚಲನೆಯ (ಸಸ್ಪೆನ್ಷನ್ ಒತ್ತಿ ಇಳಿಯುವ ದೂರ) ಫುಲ್ ಸಸ್ಪೆನ್ಷನ್ ನೋಡಿ. ಇಪ್ಪತ್ತು ಸಾವಿರಕ್ಕೆ ಸಿಗುವ ಫುಲ್ ಸಸ್ಪೆನ್ಷನ್ ಮಾತ್ರ ನೋಡಲೂ ಬೇಡಿ. ಅದರಲ್ಲಿರುವುದು ಎಣ್ಣೆಯ ತಡೆ ಇಲ್ಲದ ಬರೀ ಸ್ಪ್ರಿಂಗು. ಏರಿನಲ್ಲಿ ತುಳಿದ ಶಕ್ತಿಯನ್ನೆಲ್ಲ ನುಂಗುತ್ತದೆ, ಇಳಿಜಾರಿನಲ್ಲಿ ಕತ್ತೆಯಂತೆ ಒದೆಯುತ್ತದೆ.

ಚಕ್ರ, ಟೈರು, ಮುಳ್ಳು

ಚಕ್ರದ ಅಳತೆ ಮೂರು: 26, 27.5, 29 ಇಂಚು. 26ರ ಕಾಲ ಮುಗಿಯಿತು. ಒಳ್ಳೆಯ ಟೈರು, ಫೋರ್ಕು ಹುಡುಕಿದರೆ ಸಿಗುವುದು ಕಷ್ಟ. 29ರ ಚಕ್ರ ಕಲ್ಲು, ಗುಂಡಿಗಳನ್ನು ಹತ್ತಿ ದಾಟುವುದರಲ್ಲಿ ಮುಂದು. ಡಾಂಬರಿನಲ್ಲೂ ಚೆನ್ನಾಗಿ ಉರುಳುತ್ತದೆ. ನಿಮ್ಮ ಎತ್ತರ 5 ಅಡಿ 3 ಇಂಚಿನೊಳಗಿದ್ದರೆ 27.5 ಅನುಕೂಲ. ಇದರ ಬಗ್ಗೆ ಗಂಟೆಗಟ್ಟಲೆ ಜಗಳವಾಡುವವರಿದ್ದಾರೆ, ನನಗೆ ಅಷ್ಟು ಪುರಸೊತ್ತಿಲ್ಲ.

ಟೈರಿನ ವಿಷಯಕ್ಕೆ ಮಾತ್ರ ಪುರಸೊತ್ತು ಮಾಡಿಕೊಳ್ಳಿ. ನೆಲಕ್ಕೆ ತಾಗುವುದು ಅದೊಂದೇ. ಕೆಂಪು ಮಣ್ಣು, ಪುಡಿಗಲ್ಲಿಗೆ 2.25ರಿಂದ 2.4 ಇಂಚಿನ ಟೈರು. ನಡುವಿನ ಹಲ್ಲು ಗಿಡ್ಡ ಇದ್ದರೂ ಸರಿ, ಅಂಚಿನ ಹಲ್ಲು ಗಟ್ಟಿಯಾಗಿ ಎದ್ದಿರಬೇಕು. ತಿರುವಿನಲ್ಲಿ ಸೈಕಲ್ ವಾಲಿಸಿದಾಗ ನಿಮ್ಮನ್ನು ಹಿಡಿಯುವುದು ಆ ಅಂಚು. ಉಗುರಿನಿಂದ ಒತ್ತಿ ನೋಡಿ: ಅಗ್ಗದ ಟೈರಿನ ಹಲ್ಲು ಪ್ಲಾಸ್ಟಿಕ್ಕಿನಂತೆ ಗಟ್ಟಿ, ಒಳ್ಳೆಯದು ಅಳಿಸುವ ರಬ್ಬರಿನಂತೆ ತುಸು ಬಾಗುತ್ತದೆ. ಮಲೆನಾಡಿಗೆ ಮುಂದಿನ ಚಕ್ರಕ್ಕಾದರೂ ಮೆತ್ತನೆಯ ರಬ್ಬರು, ಎತ್ತರದ ಬಿಡಿಬಿಡಿ ಹಲ್ಲು ಬೇಕು.

ಈಗ ಮುಳ್ಳು. ಬಯಲುಸೀಮೆಯಲ್ಲಿ ಸೈಕಲ್ ಸವಾರನ ನಿಜವಾದ ಶತ್ರು ಬಳ್ಳಾರಿ ಜಾಲಿ. ಕೆರೆ ಅಂಗಳ, ಗೋಮಾಳ, ಹಳ್ಳದ ದಂಡೆ, ಎಲ್ಲೆಲ್ಲಿ ಓಡಿಸಲು ಚೆಂದವೋ ಅಲ್ಲೆಲ್ಲ ಅದು. ಒಣಗಿದ ಮುಳ್ಳು ಮೊಳೆಯಷ್ಟೇ ಗಟ್ಟಿ. ಒಳಗೆ ಟ್ಯೂಬ್ ಇದ್ದ ಕಾಲದಲ್ಲಿ ಒಂದು ಬೆಳಿಗ್ಗೆ ಮೂರು ಪಂಕ್ಚರ್ ಹಾಕಿ, ನಾಲ್ಕನೆಯದಕ್ಕೆ ಪ್ಯಾಚ್ ಮುಗಿದು, ಕುರಿ ಕಾಯುವ ಹುಡುಗನ ನಗು ಕೇಳುತ್ತ ಕೂತಿದ್ದೆ. ಆವತ್ತೇ ಟ್ಯೂಬ್‌ಲೆಸ್‌ಗೆ ಬದಲಾಗಬೇಕೆಂದು ತೀರ್ಮಾನಿಸಿದೆ.

ಟ್ಯೂಬ್‌ಲೆಸ್ ಅಂದರೆ ಟ್ಯೂಬ್ ಇಲ್ಲದೆ, ಟೈರಿನೊಳಗೆ ಹಾಲಿನಂಥ ಸೀಲೆಂಟ್ ಹಾಕಿ ಓಡಿಸುವುದು. ಮುಳ್ಳು ಚುಚ್ಚಿದರೆ ಸೀಲೆಂಟ್ ಗಾಳಿಯ ಜೊತೆ ಹೊರಗೆ ಬಂದು ತೂತಿನಲ್ಲೇ ಹೆಪ್ಪುಗಟ್ಟುತ್ತದೆ. ನನ್ನ ಹಿಂದಿನ ಟೈರಿನಿಂದ ಒಮ್ಮೆ ಹನ್ನೊಂದು ಮುಳ್ಳು ಎಣಿಸಿ ಕಿತ್ತಿದ್ದೇನೆ; ಅಷ್ಟೂ ದಿನ ಸೈಕಲ್ ಓಡುತ್ತಲೇ ಇತ್ತು. ದಾರಿಯ ಮಧ್ಯೆ ಮುಳ್ಳು ಕಂಡರೆ ಕೈ ತುರಿಸಿದರೂ ಕೀಳಬೇಡಿ, ಮನೆಗೆ ಬಂದು ಕೀಳಿ. ಕಿತ್ತ ಕೂಡಲೆ ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಹಿಡಿಯಿರಿ, ಸೀಲೆಂಟ್ ಅಲ್ಲಿಗೆ ಇಳಿಯುತ್ತದೆ. ಒಂದು 29 ಇಂಚಿನ ಟೈರಿಗೆ ಸುಮಾರು 100 ಮಿ.ಲೀ. ಬೇಕು. ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ. ಚಕ್ರ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗುಳುಗುಳು ಸದ್ದು ಬರಬೇಕು.

ಹಾಗಾಗಿ ಸೈಕಲ್ ಕೊಳ್ಳುವಾಗ ರಿಮ್ಮೂ ಟೈರೂ ಟ್ಯೂಬ್‌ಲೆಸ್‌ಗೆ ಸಿದ್ಧವಾ ಎಂದು ಕೇಳಿ. ರಿಮ್ ಮಾತ್ರ ಸಿದ್ಧ ಇದ್ದು ಟೈರು ಅಲ್ಲದಿದ್ದರೂ ಪರವಾಗಿಲ್ಲ, ಟೈರು ಬದಲಿಸಬಹುದು. ರಿಮ್ಮೇ ಅಲ್ಲವೆಂದರೆ ಬೇರೆ ಸೈಕಲ್ ನೋಡಿ. ಟ್ಯೂಬ್‌ಲೆಸ್‌ನಲ್ಲಿ ಗಾಳಿ ಕಡಿಮೆ ಇಡಬಹುದು ಎನ್ನುವುದು ಇನ್ನೊಂದು ಲಾಭ. 70 ಕೆ.ಜಿ. ತೂಗುವವರು ಮುಂದೆ 21, ಹಿಂದೆ 24 ಪಿಎಸ್‌ಐ ಆಸುಪಾಸಿನಿಂದ ಶುರು ಮಾಡಿ ನೋಡಬಹುದು. ಪೆಟ್ರೋಲ್ ಬಂಕಿನಲ್ಲಿ 40 ತುಂಬಿಸಿಕೊಂಡು ಬಂದು ಕೈ ನೋವು ಎನ್ನುವವರಿಗೆ ಸಸ್ಪೆನ್ಷನ್ ಬೇಕಿಲ್ಲ, ಗಾಳಿ ಬಿಟ್ಟರೆ ಸಾಕು.

ಬ್ರೇಕು

1976ರಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಬೆಟ್ಟದಿಂದ ಇಳಿಸುವ ಪಂದ್ಯ ಶುರುವಾಯಿತು. ಹೆಸರು ರೀಪ್ಯಾಕ್. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು, ಇಳಿಯುವಷ್ಟರಲ್ಲಿ ಚಕ್ರದ ನಡುವಿನ ಹಬ್ಬಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹೊಸ ಗ್ರೀಸು ತುಂಬಬೇಕಿತ್ತು, ಅದಕ್ಕೇ ಆ ಹೆಸರು. ಬೆಟ್ಟದ ಸೈಕಲ್ಲಿನ ಚರಿತ್ರೆ ಶುರುವಾದದ್ದೇ ಬ್ರೇಕಿನ ತಕರಾರಿನಿಂದ.

ಇವತ್ತು ಅಂಗಡಿಯಲ್ಲಿ "ಡಿಸ್ಕ್ ಬ್ರೇಕ್ ಇದೆ ಸರ್" ಎನ್ನುತ್ತಾರೆ. ಯಾವ ಡಿಸ್ಕ್ ಅಂತ ಕೇಳಿ. ಕೇಬಲ್ ಎಳೆಯುವ ಮೆಕ್ಯಾನಿಕಲ್ ಡಿಸ್ಕ್ ಬೇರೆ, ಎಣ್ಣೆಯ ಒತ್ತಡದಲ್ಲಿ ಹಿಡಿಯುವ ಹೈಡ್ರಾಲಿಕ್ ಬೇರೆ. ಗಟ್ಟಿಯಾಗಿ ನಿಂತ ಸೈಕಲ್ಲಿನ ಲಿವರನ್ನು ಒಂದೇ ಬೆರಳಲ್ಲಿ ಎಳೆದು, ಸೈಕಲ್ ಮುಂದಕ್ಕೆ ನೂಕಿ ನೋಡಿ. ಒಂದು ಬೆರಳಿಗೆ ಚಕ್ರ ನಿಂತರೆ ಸರಿ. ಹೈಡ್ರಾಲಿಕ್ ಬ್ರೇಕಿಗಾಗಿ ಐದಾರು ಸಾವಿರ ಹೆಚ್ಚು ಕೊಡಬೇಕಾದರೆ ಬೇರೆಲ್ಲ ಬಿಟ್ಟಾದರೂ ಕೊಡಿ.

ಮುಂದಿನ ಡಿಸ್ಕ್ 180 ಮಿ.ಮೀ., ಹಿಂದಿನದು 160 ಇದ್ದರೆ ಒಳ್ಳೆಯದು. ಮಲೆನಾಡಿನವರು ಡಿಸ್ಕಿನ ಮೇಲೆ ಕೊರೆದ ಅಕ್ಷರ ಓದಿ. ರೆಸಿನ್ ಪ್ಯಾಡ್ (ಡಿಸ್ಕನ್ನು ಹಿಡಿಯುವ, ಲೋಹದ್ದಕ್ಕಿಂತ ಮೆದುವಾದ ಬಿಲ್ಲೆ) ಮಾತ್ರ ಎಂದಿದ್ದರೆ ಆ ಡಿಸ್ಕಿಗೆ ಲೋಹದ ಪ್ಯಾಡ್ ಹಾಕುವಂತಿಲ್ಲ, ಮಳೆಗಾಲದ ಕೆಸರು ರೆಸಿನ್ ಪ್ಯಾಡನ್ನು ಬೇಗ ತಿಂದುಹಾಕುತ್ತದೆ.

ಫೋರ್ಕನ್ನು ಅಂಗಡಿಯಲ್ಲೇ ಪರೀಕ್ಷಿಸಿ

ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ಲಿನ ಮೇಲೆ ಭಾರ ಬಿಡಿ. ಫೋರ್ಕು ನಯವಾಗಿ ಇಳಿದು, ಬಿಟ್ಟಾಗ ಮೆಲ್ಲಗೆ ಎದ್ದು ಬರಬೇಕು. ಟಕ್ ಎಂದು ಎಗರಿದರೆ ಒಳಗೆ ಎಣ್ಣೆಯ ತಡೆ ಇಲ್ಲ ಎಂದರ್ಥ. ಇನ್ನೊಮ್ಮೆ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ; ಕಾಲುಗಳಲ್ಲಿ ಲಟಪಟ ಸಿಕ್ಕರೆ, ಹೊಸದಿದ್ದಾಗಲೇ ಹೀಗಾದರೆ ಆರು ತಿಂಗಳಿಗೆ ಹೇಗಿದ್ದೀತು ಯೋಚಿಸಿ.

ಸ್ಪ್ರಿಂಗಿನ ಫೋರ್ಕು ಯಾವುದೋ ಒಂದು ತೂಕಕ್ಕೆ ಮಾಡಿದ್ದು. 50 ಕೆ.ಜಿ.ಯವರಿಗೂ 90 ಕೆ.ಜಿ.ಯವರಿಗೂ ಅದೇ. ಗಾಳಿಯ ಫೋರ್ಕಿಗೆ ಸಣ್ಣ ಪಂಪಿನಿಂದ ನಿಮ್ಮ ತೂಕಕ್ಕೆ ತಕ್ಕಷ್ಟು ಗಾಳಿ ಹಾಕಬಹುದು. ಸೈಕಲ್ ಏರಿ ಪೆಡಲ್ ಮೇಲೆ ನಿಂತಾಗ ಒಟ್ಟು ಚಲನೆಯ ಐದನೇ ಒಂದು ಭಾಗ ಇಳಿಯಬೇಕು. ಚಲನೆ 100ರಿಂದ 120 ಮಿ.ಮೀ. ಇದ್ದರೆ ಬೇಕಾದಷ್ಟು. ಎರೆಭೂಮಿಯ ಹೊಲದ ದಾರಿಯಲ್ಲೇ ಓಡಿಸುವವರು ಕೆಟ್ಟ ಸಸ್ಪೆನ್ಷನ್ ಫೋರ್ಕಿಗಿಂತ ಸಸ್ಪೆನ್ಷನ್ನೇ ಇಲ್ಲದ ಫೋರ್ಕು ತೆಗೆದುಕೊಳ್ಳುವುದು ಮೇಲು. ಈ ಮಾತಿಗೆ ಗೆಳೆಯರು ನಗುತ್ತಾರೆ, ಅವರು ನವಲಗುಂದ ನೋಡಿಲ್ಲ.

ಮುಂದೆ ಫೋರ್ಕು ಬದಲಿಸುವ ಯೋಚನೆ ಇದ್ದರೆ ಹ್ಯಾಂಡಲ್ ಕೆಳಗಿನ ಕೊಳವೆ ಗಮನಿಸಿ. ಅದು ಕೆಳಗೆ ಅಗಲವಾಗುತ್ತ ಹೋಗುವ ಟೇಪರ್ಡ್ ಕೊಳವೆಯಾಗಿದ್ದರೆ ಒಳ್ಳೆಯ ಫೋರ್ಕುಗಳು ಸಿಗುತ್ತವೆ. ಮೇಲಿಂದ ಕೆಳಗೆ ಒಂದೇ ದಪ್ಪದ್ದಾದರೆ ಆಯ್ಕೆ ತೀರಾ ಕಡಿಮೆ.

ಗೇರಿನ ಸಂಖ್ಯೆ ಅಲ್ಲ, ಭಾಗಾಕಾರ

21 ಗೇರು, 24 ಗೇರು ಎಂಬ ಲೆಕ್ಕಕ್ಕೆ ಅರ್ಥವಿಲ್ಲ. ಏರಿಗೆ ಬೇಕಾದದ್ದು ಎಲ್ಲಕ್ಕಿಂತ ಹಗುರ ಗೇರು ಒಂದೇ. ಮುಂದೆ, ಪೆಡಲ್ ಬಳಿಯ ಅತಿ ಸಣ್ಣ ಹಲ್ಲುಚಕ್ರದ ಹಲ್ಲುಗಳನ್ನು ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಹಲ್ಲುಗಳಿಂದ ಭಾಗಿಸಿ. ಮುಂದೆ ಮೂರು ಹಲ್ಲುಚಕ್ರವಿರುವ ಹಳೆಯ ಪದ್ಧತಿಯಲ್ಲಿ 22 ಭಾಗ 34, ಅಂದರೆ ಸುಮಾರು 0.65. ಮುಂದೆ ಒಂದೇ ಹಲ್ಲುಚಕ್ರವಿರುವ, ಅಂದರೆ ಒನ್ ಬೈ ಎನ್ನುವ, ಇಂದಿನ 12 ಗೇರಿನದರಲ್ಲಿ 32 ಭಾಗ 51, ಸುಮಾರು 0.63. ಎರಡೂ ಏರು ಹತ್ತುತ್ತವೆ. ಆದರೆ "ಲೇಟೆಸ್ಟ್ ಒನ್ ಬೈ ಸರ್" ಎಂದು ಮಾರುವ ಕೆಲವು ಅಗ್ಗದ ಸೈಕಲ್ಲುಗಳಲ್ಲಿ ಹಿಂದೆ 36 ಹಲ್ಲು ಮಾತ್ರ. 32 ಭಾಗ 36 ಅಂದರೆ 0.89. ಅದನ್ನು ಏರಿನಲ್ಲಿ ತುಳಿಯುವುದಿಲ್ಲ, ನೂಕುತ್ತೀರಿ. ಉತ್ತರ 0.7ರ ಒಳಗೆ ಬಂದರೆ ಮುಂದೆ ಮಾತಾಡಿ.

ಇನ್ನು ನನ್ನ ಅಚ್ಚು ಬಾಗಿದ ಕಾರಣ. ಹಿಂದಿನ ಹಲ್ಲುಚಕ್ರದ ಗುಂಪು ಎರಡು ಬಗೆ: ಹಬ್ಬಿಗೆ ತಿರುಪಿನಂತೆ ಬಿಗಿಯುವ ಫ್ರೀವೀಲ್, ಜಾರಿಸಿ ಕೂರಿಸುವ ಕ್ಯಾಸೆಟ್. ಫ್ರೀವೀಲ್ ಇದ್ದಾಗ ಬಲಬದಿಯ ಬೇರಿಂಗ್ ಒಳಗೆಲ್ಲೋ ಇರುತ್ತದೆ, ಅಚ್ಚಿನ ಉದ್ದನೆಯ ತುಂಡು ಆಧಾರವಿಲ್ಲದೆ ಹೊರಗೆ ಚಾಚಿರುತ್ತದೆ. ಕಲ್ಲಿಂದ ಇಳಿಸಿದರೆ ಅದೇ ಬಾಗುವುದು. ಕ್ಯಾಸೆಟ್ಟಿನ ಹಬ್ಬಿನಲ್ಲಿ ಬೇರಿಂಗ್ ಹೊರತುದಿಗೆ ಬಂದು ಅಚ್ಚಿಗೆ ಆಸರೆ ಕೊಡುತ್ತದೆ. ಏಳು ಗೇರಿನ ಅಗ್ಗದ ಸೈಕಲ್ಲುಗಳಲ್ಲಿ ಫ್ರೀವೀಲೇ ಹೆಚ್ಚು. "ಕ್ಯಾಸೆಟ್ಟಾ, ಫ್ರೀವೀಲಾ?" ಎಂದು ಕೇಳಿ ನೋಡಿ, ಅಂಗಡಿಯವನ ಮುಖದಲ್ಲೇ ಉತ್ತರ ಇರುತ್ತದೆ.

ಅಳತೆ, ದುಡ್ಡು

ತಪ್ಪು ಅಳತೆಯ ದುಬಾರಿ ಸೈಕಲ್ಲಿಗಿಂತ ಸರಿ ಅಳತೆಯ ಸಾಧಾರಣ ಸೈಕಲ್ ವಾಸಿ. 5 ಅಡಿ 6 ಇಂಚಿನವರಿಗೆ ಸಾಮಾನ್ಯವಾಗಿ ಎಂ, 5 ಅಡಿ 10 ದಾಟಿದವರಿಗೆ ಎಲ್. ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇರುವುದರಿಂದ ಅವರವರ ಪಟ್ಟಿ ನೋಡಿ. ಶೂ ಹಾಕಿಕೊಂಡು ಮೇಲಿನ ಕೊಳವೆಯ ಎರಡು ಬದಿಗೆ ಕಾಲಿಟ್ಟು ನಿಂತಾಗ ಎರಡು ಇಂಚಾದರೂ ಜಾಗ ಉಳಿಯಬೇಕು. "ಸೀಟು ಇಳಿಸಿ ಸರಿ ಮಾಡಿಕೊಡ್ತೀವಿ" ಎಂದರೆ ಅವರ ಹತ್ತಿರ ನಿಮ್ಮ ಅಳತೆಯ ದಾಸ್ತಾನು ಇಲ್ಲವೆಂದರ್ಥ.

ದುಡ್ಡಿನ ವಿಷಯದಲ್ಲಿ ನನ್ನ ಅಂದಾಜು ಹೀಗಿದೆ. ಹದಿನೈದು ಸಾವಿರದೊಳಗೆ ಸಿಗುವ ಎಂಟಿಬಿ ಹಾಲು ತರುವುದಕ್ಕೆ ಚೆನ್ನ. ಮೂವತ್ತೈದರಿಂದ ಐವತ್ತು ಸಾವಿರದಲ್ಲಿ ಹೈಡ್ರಾಲಿಕ್ ಬ್ರೇಕು, ಕ್ಯಾಸೆಟ್ಟು, 14 ಕೆ.ಜಿ. ಆಸುಪಾಸಿನ ಅಲ್ಯೂಮಿನಿಯಂ ಹಾರ್ಡ್‌ಟೇಲ್ ಹುಡುಕಬಹುದು. ಗಾಳಿಯ ಫೋರ್ಕು ಬೇಕೆಂದರೆ ಇನ್ನೂ ಮೇಲೆ ಹೋಗಬೇಕು. ಇದರಲ್ಲಿ ಎಂಟು ಹತ್ತು ಸಾವಿರ ತೆಗೆದಿಡಿ: ಹೆಲ್ಮೆಟ್, ಪಂಪು, ಟೈರು ಬಿಚ್ಚುವ ಕಡ್ಡಿ, ಒಂದು ಹೆಚ್ಚುವರಿ ಟ್ಯೂಬು, ಕೈಗವಸು, ಮೊದಲ ಸೀಲೆಂಟ್.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ. ಕೋವಿಡ್ ಕಾಲದಲ್ಲಿ ಉತ್ಸಾಹದಿಂದ ಕೊಂಡು ಬಾಲ್ಕನಿಯಲ್ಲಿ ನಿಲ್ಲಿಸಿದ ಸೈಕಲ್ಲುಗಳು ಬೆಂಗಳೂರಿನಲ್ಲಿ ಈಗಲೂ ಹೊರಗೆ ಬರುತ್ತಿವೆ. ಬೆಸುಗೆಗಳ ಹತ್ತಿರ ಬಣ್ಣದಲ್ಲಿ ಕೂದಲೆಳೆಯಂಥ ಬಿರುಕು ಇದೆಯಾ, ಫೋರ್ಕಿನ ಹೊಳೆಯುವ ಕಾಲುಗಳಲ್ಲಿ ಗೀರು ಇದೆಯಾ, ಚಕ್ರ ಎತ್ತಿ ತಿರುಗಿಸಿದರೆ ಅಡ್ಡಾದಿಡ್ಡಿ ಹೋಗುತ್ತದಾ, ಇವು ಮೂರು ನೋಡಿ. ಫ್ರೇಮಿನ ನಂಬರು ಸಾಮಾನ್ಯವಾಗಿ ಪೆಡಲ್ ತಿರುಗುವ ಅಚ್ಚನ್ನು ಕೂರಿಸಿದ ಕೊಳವೆಯ ಕೆಳಭಾಗದಲ್ಲಿ ಕೊರೆದಿರುತ್ತದೆ. ಬಿಲ್ಲಿನಲ್ಲಿರುವ ನಂಬರಿಗೆ ಹೋಲಿಸಿ. ಕೆರೆದು ಅಳಿಸಿದ್ದರೆ ಕದ್ದ ಮಾಲು, ಎದ್ದು ಬನ್ನಿ.

ಹೊಸದಾಗಲಿ ಹಳೆಯದಾಗಲಿ, ಅಂಗಡಿಯ ಮುಂದಿನ ಡಾಂಬರಿನಲ್ಲಿ ಒಂದು ಸುತ್ತು ಹೊಡೆದು ನಿರ್ಧರಿಸಬೇಡಿ. ಪಕ್ಕದಲ್ಲಿ ಖಾಲಿ ಸೈಟು, ಫುಟ್‌ಪಾತಿನ ಮೆಟ್ಟಿಲು, ಫ್ಲೈಓವರಿನ ಕೆಳಗಿನ ಮಣ್ಣು, ಏನಾದರೂ ಇರುತ್ತದೆ. ಗುರುತಿನ ಚೀಟಿ ಅಡವಿಟ್ಟು ಕಾಲು ಗಂಟೆ ಕೇಳಿ. ತಂದ ಮೇಲೆ ಎರಡು ಮೂರು ವಾರಕ್ಕೆ ಚಕ್ರದ ಕಡ್ಡಿಗಳು (ಸ್ಪೋಕು) ಸಡಿಲವಾಗುತ್ತವೆ, ಗೇರಿನ ಕೇಬಲ್ ಎಳೆದುಕೊಳ್ಳುತ್ತದೆ. ಮೊದಲ ಸರ್ವೀಸ್ ಉಚಿತವಾ ಎಂದು ಕೇಳಿ, ಬಿಲ್ಲಿನ ಮೇಲೇ ಬರೆಸಿಕೊಳ್ಳಿ.

ದುಬಾರಿ ಸೈಕಲ್ ಕೊಳ್ಳುವವರಿಗೆ ಒಂದು ಮಾತು: ಅವುಗಳಲ್ಲಿ ಬಹಳಷ್ಟಕ್ಕೆ ಪೆಡಲ್ ಬರುವುದಿಲ್ಲ. ಒಬ್ಬೊಬ್ಬರ ಇಷ್ಟ ಒಂದೊಂದು ಎಂದು ಕಂಪನಿಯವರು ಹಾಕುವುದೇ ಇಲ್ಲ. ನನ್ನ ಗೆಳೆಯನೊಬ್ಬ ಶನಿವಾರ ರಾತ್ರಿ ಡೆಲಿವರಿ ತೆಗೆದುಕೊಂಡು, ಬೆಳಗಿನ ಐದಕ್ಕೆ ನಂದಿಗೆ ಹೊರಡಲು ಹೊಸ ಸೈಕಲ್ ಇಳಿಸಿಕೊಂಡು ಬಂದ. ಕೊನೆಗೆ ಮಗಳ ಸೈಕಲ್ಲಿನ ಗುಲಾಬಿ ಪೆಡಲ್ ಬಿಚ್ಚಿ ಹಾಕಿಕೊಂಡು ಹೋದೆವು.